ಪದಚರ್ಚೆ: ಕಾರ್ ರೇಸಿನ ‘ಟೂರಿಂಗ್’, ‘ಸ್ಟಿಂಟ್’, ‘ರಿಟೈರ್ಡ್’ ಕನ್ನಡದಲ್ಲಿ ಹೇಗೆ?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಸ್ಕಾಟ್ಲೆಂಡಿನ ರೇಸ್ ಚಾಲಕ ಪಾಲ್ ಡಿ ರೆಸ್ಟಾ ಅವರ ಪರಿಚಯ ಕನ್ನಡಕ್ಕೆ ಬರಬೇಕಿದೆ. ಕರಡು ಸದ್ಯ ಹೀಗಿದೆ:

“ಏಕಾಸನ ಕಾರುಗಳಲ್ಲಿ ಮಿಂಚಿದ ಡಿ ರೆಸ್ಟಾ 2010ರಲ್ಲಿ ಜರ್ಮನ್ ಪ್ರವಾಸಿ ಕಾರು ಪಂದ್ಯಾವಳಿಯ 11ನೇ ಸುತ್ತಿನಲ್ಲಿ ಪ್ರಶಸ್ತಿ ಗೆದ್ದರು. 2017ರಲ್ಲಿ ಹಂಗೆರಿಯಲ್ಲಿ ನಿವೃತ್ತರಾದರು. 2020ರಲ್ಲಿ ಬೆಳ್ಳಿ ಚಾಲಕನೊಂದಿಗೆ ಸಹಿಷ್ಣುತಾ ಓಟವಾದ ಲೆ ಮಾನ್ಸ್ ಗೆದ್ದರು. ಈಗ ಕಾರ್ಖಾನೆ ಚಾಲಕರು.”

ಎಲ್ಲವೂ ನಿಘಂಟಿನಲ್ಲಿರುವ ಪದಗಳೇ. ಆದರೂ ಓದಿದವರೆಲ್ಲ, ನಿವೃತ್ತರಾದ ಮೂರು ವರ್ಷಕ್ಕೆ ಗೆದ್ದದ್ದು ಹೇಗೆ, ಆಮೇಲೆ ಕಾರ್ಖಾನೆಗೆ ಯಾಕೆ ಸೇರಿದರು ಎಂದು ಕೇಳುತ್ತಿದ್ದಾರೆ. ‘ಸ್ಟಿಂಟ್’ ಎಂಬ ಪದಕ್ಕಂತೂ ಏನೂ ಹೊಳೆದಿಲ್ಲ. ತಿದ್ದಿಕೊಡಿ.

ಉತ್ತರ 1

ಸ್ವಾಮಿ, ನಿಘಂಟಿನ ತಪ್ಪಿಲ್ಲ. ಡಿ ರೆಸ್ಟಾ ಓಡಿಸಿದ್ದು ಮೂರು ಬೇರೆ ಬೇರೆ ಆಟ: ಫಾರ್ಮುಲಾ ಒನ್‌ನಂಥ ತೆರೆದ ಗಾಲಿಯ ಕಾರು, ಟೂರಿಂಗ್ ಕಾರು, 24 ಗಂಟೆಯಂಥ ದೀರ್ಘ ಓಟ. ಇಂಗ್ಲಿಷಿನಲ್ಲಿ ಮೂರಕ್ಕೂ ಅದೇ ಪದಗಳು ಚಲಾವಣೆಯಲ್ಲಿವೆ, ಅರ್ಥ ಮಾತ್ರ ಆಟದಿಂದ ಆಟಕ್ಕೆ ಬದಲಾಗುತ್ತದೆ. ಪದಕ್ಕೆ ಪದ ಹುಡುಕುವ ಮೊದಲು, ಆ ಹೊತ್ತಿನಲ್ಲಿ ಟ್ರ್ಯಾಕಿನ ಮೇಲೆ ಏನಾಯಿತು ಎಂದು ನೋಡಿಕೊಳ್ಳಬೇಕು.

ಮೊದಲು ‘ನಿವೃತ್ತಿ’ಯನ್ನು ಕಿತ್ತುಹಾಕಿ. 2017ರ ಹಂಗೆರಿ ಓಟದ ವಾರಾಂತ್ಯ ಫಾರ್ಮುಲಾ ಒನ್‌ನ ವಿಲಿಯಮ್ಸ್ ತಂಡದ ಚಾಲಕ ಫೆಲಿಪೆ ಮಾಸಾ ಹುಷಾರು ತಪ್ಪಿದರು. ಮೀಸಲು ಚಾಲಕರಾಗಿದ್ದ ಡಿ ರೆಸ್ಟಾ ಅದುವರೆಗೆ ಟ್ರ್ಯಾಕಿನಲ್ಲಿ ಓಡಿಸಿಯೇ ಇರದ ಕಾರಿಗೆ ನೇರ ಅರ್ಹತಾ ಪರೀಕ್ಷೆಯ (ಓಟಕ್ಕೆ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಓಡಾಟ) ಹೊತ್ತಿಗೆ ಹತ್ತಿದರು. 19ನೆಯವರಾಗಿ ಹೊರಟರು. 70 ಸುತ್ತುಗಳಲ್ಲಿ 60 ಆದಾಗ ಆಯಿಲ್ ಸೋರಿಕೆಯಿಂದ ಓಟ ಬಿಡಬೇಕಾಯಿತು. ಇಂಗ್ಲಿಷ್ ಪಟ್ಟಿಯಲ್ಲಿ ಹೆಸರಿನ ಮುಂದೆ ‘ರಿಟೈರ್ಡ್’ ಎಂದಿರುವುದು ಇಷ್ಟಕ್ಕೇ. ಕ್ರಿಕೆಟ್ ವರದಿಗಳ ‘ಗಾಯಗೊಂಡು ನಿವೃತ್ತಿ’ ನಮ್ಮ ಕಿವಿಗೆ ರೂಢಿಯಾಗಿ ಈ ಎಡವಟ್ಟು ಆಗಿದೆ. ‘ಓಟ ಬಿಟ್ಟರು’ ಎಂದರೆ ಸಾಕು. ಕಾರಿನ ದೋಷವಾದರೆ ‘ಕಾರು ಕೈಕೊಟ್ಟಿತು’ ಎನ್ನಿ, ತಪ್ಪು ಯಾರದೆಂಬುದೂ ಅದರಲ್ಲೇ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ಗೆದ್ದವರು ಓಡಿದ ಸುತ್ತುಗಳಲ್ಲಿ ಶೇ 90ರಷ್ಟನ್ನು ಮುಗಿಸಿದ್ದರೆ, ಕೊನೆಯಲ್ಲಿ ಕಾರು ನಿಂತರೂ ಫಾರ್ಮುಲಾ ಒನ್‌ನಲ್ಲಿ ಸ್ಥಾನ ಸಿಗುತ್ತದೆ. 70ಕ್ಕೆ ಅದು 63. ಡಿ ರೆಸ್ಟಾ 60ಕ್ಕೆ ಬಿಟ್ಟದ್ದರಿಂದ ಸ್ಥಾನವಿಲ್ಲ. ಅದೇ ಓಟದಲ್ಲಿ 67 ಸುತ್ತು ಮುಗಿಸಿ ನಿಂತ ನಿಕೊ ಹುಲ್ಕೆನ್‌ಬರ್ಗ್ ಅವರಿಗೆ 17ನೇ ಸ್ಥಾನ ಬರೆದಿದ್ದಾರೆ. ಅಂದರೆ ‘ಓಟ ಮುಗಿಸಲಿಲ್ಲ’ ಮತ್ತು ‘ಸ್ಥಾನ ಪಡೆಯಲಿಲ್ಲ’ ಒಂದೇ ಮಾತಲ್ಲ, ಬೆರೆಸಬೇಡಿ.

ಮುಂದಿನದು ‘11ನೇ ಸುತ್ತು’. ಹನ್ನೊಂದನೇ ಬಾರಿ ಟ್ರ್ಯಾಕ್ ಸುತ್ತುವಷ್ಟರಲ್ಲಿ ಪ್ರಶಸ್ತಿ ಬಂತು ಎಂಬಂತಿದೆ. ನೀವು ಹೇಳಿದ ಜರ್ಮನ್ ಟೂರಿಂಗ್ ಕಾರ್ ಪಂದ್ಯಾವಳಿ, ಅಂದರೆ ಡಿಟಿಎಂ, 2010ರ ಸರಣಿಯಲ್ಲಿ ಒಟ್ಟು 11 ಕಡೆ ಓಟಗಳಿದ್ದವು, ಕೊನೆಯದು ಶಾಂಘೈನ ರಸ್ತೆಗಳಲ್ಲಿ. ಆ ಓಟ ಗೆದ್ದವರು ಗ್ಯಾರಿ ಪ್ಯಾಫೆಟ್. ಡಿ ರೆಸ್ಟಾ ಎರಡನೆಯವರಾಗಿ ಬಂದರೂ ವರ್ಷದ ಅಂಕ ಕೂಡಿದಾಗ ಪ್ರಶಸ್ತಿ ಅವರದಾಯಿತು. ಹಾಗಾಗಿ ಓಟ ಗೆಲ್ಲುವುದನ್ನೂ ಪ್ರಶಸ್ತಿ ಗೆಲ್ಲುವುದನ್ನೂ ಇಲ್ಲಿ ಬಿಡಿಸಿಯೇ ಹೇಳಬೇಕು. ‘ಸುತ್ತು’ ಪದವನ್ನು ಟ್ರ್ಯಾಕ್ ಸುತ್ತುವುದಕ್ಕೆ ಮಾತ್ರ ಬಿಟ್ಟುಕೊಡಿ. ಸರಣಿಯ ಒಂದೊಂದು ಓಟಕ್ಕೆ ‘ಕೂಟ’ ಹೊಂದುತ್ತದೆ. ಕ್ರೀಡಾಕೂಟ ಎಲ್ಲರಿಗೂ ಗೊತ್ತು, ಕರಾವಳಿಯ ಕಂಬಳದ ವರದಿಗಳಲ್ಲೂ ಪ್ರತಿ ಊರಿನದು ಒಂದು ಕೂಟವೇ. ಪತ್ರಿಕೆಗಳು ಬರೆಯುವ ‘ಅರ್ಹತಾ ಸುತ್ತು’ ಮೂರನೇ ಗೋಜಲು. 2012ರಲ್ಲಿ ಇಟಲಿಯ ಮೊಂಜಾದ ಫಾರ್ಮುಲಾ ಒನ್ ಓಟದಲ್ಲಿ ಡಿ ರೆಸ್ಟಾ ಅರ್ಹತೆಯಲ್ಲಿ 4ನೆಯವರು. ಗೇರ್‌ಬಾಕ್ಸ್ ಬದಲಿಸಿದ್ದಕ್ಕೆ 5 ಸ್ಥಾನದ ದಂಡ ಬಿದ್ದು ಓಟಕ್ಕೆ ಹೊರಟದ್ದು 9ನೇ ಜಾಗದಿಂದ, ಮುಗಿಸಿದ್ದು 8ನೆಯವರಾಗಿ. ‘ಅರ್ಹತೆಯಲ್ಲಿ’, ‘ಹೊರಟ ಜಾಗ’, ‘ಮುಗಿಸಿದ ಸ್ಥಾನ’ ಎಂದು ಮೂರಕ್ಕೂ ಬೇರೆ ಮಾತಿಟ್ಟರೆ ಗಲಿಬಿಲಿಯಿಲ್ಲ.

‘ಪ್ರವಾಸಿ ಕಾರು’ ಎಂದರೆ ಮೈಸೂರು ಅರಮನೆಯ ಮುಂದೆ ನಿಂತಿರುವ ಹಳದಿ ಬೋರ್ಡಿನ ಗಾಡಿ. ಟೂರಿಂಗ್ ಕಾರ್ ರೇಸಿನ ಬುಡ, ಅಂಗಡಿಯಲ್ಲಿ ಕೊಳ್ಳಸಿಗುವ ಕಾರನ್ನೇ ಸಜ್ಜುಗೊಳಿಸಿ ಓಡಿಸುವುದು. ಹಾಗೆಂದು ‘ಮನೆಬಳಕೆ ಕಾರಿನ ರೇಸ್’ ಎಂದರೂ ಡಿಟಿಎಂ ಮಟ್ಟಿಗೆ ಸುಳ್ಳಾಗುತ್ತದೆ. ಡಿ ರೆಸ್ಟಾ ಓಡಿಸಿದ ಮರ್ಸಿಡಿಸ್ ಹೊರಗಿನಿಂದ ಸಿ ಕ್ಲಾಸ್. ಒಳಗೆ ರೇಸಿಗೆಂದೇ ಕಟ್ಟಿದ ಚೌಕಟ್ಟು, 4 ಲೀಟರಿನ ವಿ8 ಎಂಜಿನ್, ಹಿಂದಿನ ಗಾಲಿಗೆ ಎಳೆತ. ಅಂಗಡಿಯ ಕಾರಿನಿಂದ ಬಂದದ್ದು ಮುಖ್ಯವಾಗಿ ರೂಪ. ಆದ್ದರಿಂದ ‘ಟೂರಿಂಗ್ ಕಾರ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ರಸ್ತೆ ಕಾರಿನ ರೂಪದ ರೇಸ್ ಕಾರು’ ಎಂದು ವಿವರಿಸಿಬಿಡಿ. ಅನುವಾದಿಸಲೇಬೇಕೆಂಬ ಹಟ ಇಲ್ಲಿ ಬೇಡ.

‘ಏಕಾಸನ’ ಜೈನರಲ್ಲಿ ದಿನಕ್ಕೊಂದೇ ಊಟದ ವ್ರತ. ಅದಿರಲಿ, ಸೀಟಿನ ಲೆಕ್ಕವೇ ಇಲ್ಲಿ ದಾರಿ ತಪ್ಪಿಸುತ್ತದೆ. ಡಿಟಿಎಂ ಕಾರಿನಲ್ಲೂ ಚಾಲಕನಿಗೊಂದೇ ಸೀಟು ತಾನೆ? 1920ರ ದಶಕದ ನಡುವಿನವರೆಗೆ ಗ್ರಾನ್ ಪ್ರಿ ಕಾರಿನಲ್ಲಿ ಮೆಕ್ಯಾನಿಕ್ ಕೂಡ ಪಕ್ಕದಲ್ಲಿ ಕೂರುತ್ತಿದ್ದ. ಆ ಸೀಟು ಹೋದ ಮೇಲೆ ಹುಟ್ಟಿಕೊಂಡ ಹೆಸರು ‘ಸಿಂಗಲ್ ಸೀಟರ್’, ಕಾರಣ ಮರೆತರೂ ಹೆಸರು ನಿಂತಿತು. ಇಂದು ಕಣ್ಣಿಗೆ ಕಾಣುವ ವ್ಯತ್ಯಾಸ ಗಾಲಿಯದು, ಮೇಲೆ ಮಡ್‌ಗಾರ್ಡೂ ಇಲ್ಲ, ಬಾಡಿಯೂ ಇಲ್ಲ. ‘ತೆರೆದ ಗಾಲಿಯ ಕಾರು’ ಸರಿಹೋದೀತು. (‘ಬಿಚ್ಚುಗಾಲಿ’ ಮಾತ್ರ ಬೇಡ, ನಟ್ ಸಡಿಲವಾದಂತೆ ಕೇಳಿಸುತ್ತದೆ.) ಓಡಿಸುವ ರೀತಿಯೂ ಇದರ ಮೇಲೇ ನಿಂತಿದೆ. ತೆರೆದ ಗಾಲಿಗೆ ಇನ್ನೊಂದು ಗಾಲಿ ತಾಗಿದರೆ ಸಸ್ಪೆನ್ಷನ್ ಕಡ್ಡಿ ಮುರಿಯುತ್ತದೆ, ತಿರುಗುವ ಟೈರು ಟೈರನ್ನು ಹತ್ತಿ ಕಾರು ಗಾಳಿಗೂ ಏಳಬಹುದು. ಟೂರಿಂಗ್ ಕಾರಿನಲ್ಲಿ ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ತಿರುವು ದಾಟುವುದು ಮಾಮೂಲು. ಹಾಗಾಗಿ ‘ಕಾಂಟ್ಯಾಕ್ಟ್’ ಎಂಬುದು ಮೊದಲನೆಯದರಲ್ಲಿ ‘ಡಿಕ್ಕಿ’, ಎರಡನೆಯದರಲ್ಲಿ ಬಹಳ ಸಲ ಬರೀ ‘ಉಜ್ಜಾಟ’.

‘ಎಂಡ್ಯೂರೆನ್ಸ್’ಗೆ ನೀವಿಟ್ಟ ‘ಸಹಿಷ್ಣುತೆ’ ಈಗ ಧರ್ಮ, ರಾಜಕೀಯದ ಮಾತಾಗಿಬಿಟ್ಟಿದೆ. ‘ಸಹನಾ ಓಟ’ ಎಂದರೆ ಸಹನಾ ಎಂಬ ಹುಡುಗಿ ಓಡಿದಂತೆ. ‘ದೂರದ ಓಟ’ ಮ್ಯಾರಥಾನಿಗೆ ಹೋಯಿತು, ಮೇಲಾಗಿ ಫ್ರಾನ್ಸಿನ ಲ ಮಾನ್‌ನಲ್ಲಿ (ನಿಮ್ಮ ‘ಲೆ ಮಾನ್ಸ್’) ನಿಗದಿಯಾಗಿರುವುದು ದೂರವಲ್ಲ, 24 ಗಂಟೆ. ನನ್ನ ಮತ ‘ತಾಳಿಕೆ ಓಟ’ಕ್ಕೆ. ಬಟ್ಟೆ, ಪಾತ್ರೆ ಕೊಳ್ಳುವಾಗ ‘ತಾಳಿಕೆ ಬರುತ್ತಾ?’ ಎಂದು ಕೇಳುತ್ತೇವಲ್ಲ, 1923ರಲ್ಲಿ ಲ ಮಾನ್ ಶುರುವಾದಾಗ ಕಾರು ತಯಾರಕರ ಮುಂದಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ.

ಇನ್ನು ‘ಸ್ಟಿಂಟ್’. ಡಿ ರೆಸ್ಟಾ ಫಾರ್ಮುಲಾ ಒನ್‌ನಲ್ಲಿದ್ದಾಗ, 2011ರಿಂದ 2013ರವರೆಗೆ, ಓಟದ ನಡುವೆ ಪೆಟ್ರೋಲ್ ತುಂಬಿಸುವಂತಿರಲಿಲ್ಲ. ಪಿಟ್‌ಗೆ (ಟ್ರ್ಯಾಕಿನ ಪಕ್ಕದ ದುರಸ್ತಿ ಜಾಗ) ಬರುವುದು ಟೈರಿಗಾಗಿ, ಅಲ್ಲಿ ಸ್ಟಿಂಟ್ ಎಂದರೆ ಒಂದು ಸೆಟ್ ಟೈರಿನ ಆಯುಸ್ಸು. 2013ರ ಕೆನಡಾದಲ್ಲಿ 17ನೇ ಜಾಗದಿಂದ ಹೊರಟು, ಒಂದೇ ಸಲ ಟೈರು ಬದಲಿಸಿ 7ನೆಯವರಾದದ್ದು ಆ ಮೊದಲ ಸೆಟ್ಟನ್ನು ಬಹಳ ಹೊತ್ತು ಎಳೆದದ್ದರಿಂದ. ‘ಒಂದೇ ಟೈರಿನಲ್ಲಿ ಇಷ್ಟು ಸುತ್ತು’ ಎಂದು ಬರೆಯಿರಿ, ಬೇರೆ ಪದವೇ ಬೇಡ. ತಾಳಿಕೆ ಓಟದಲ್ಲಿ ಸ್ಟಿಂಟ್ ಎಂದರೆ ಒಂದು ಟ್ಯಾಂಕಿನ ಓಟ. 13.626 ಕಿ.ಮೀ. ಉದ್ದದ ಲ ಮಾನ್ ಟ್ರ್ಯಾಕಿನಲ್ಲಿ ಎಲ್‌ಎಂಪಿ2 (ಅಲ್ಲಿ ಓಡುವ ರೇಸ್ ಕಾರುಗಳ ಒಂದು ದರ್ಜೆ) ಕಾರಿಗೆ ಅದು ಸುಮಾರು ಹತ್ತು ಸುತ್ತು. ಒಬ್ಬ ಚಾಲಕ ಇಳಿಯದೆ ಎರಡು ಮೂರು ಟ್ಯಾಂಕು ಓಡಿಸುತ್ತಾನೆ. ಆದರೆ ಯಾವುದೇ 6 ಗಂಟೆಯಲ್ಲಿ 4 ಗಂಟೆಗಿಂತ ಹೆಚ್ಚು, ಒಟ್ಟಾರೆ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಗಿರಣಿಯವರ ‘ಪಾಳಿ’ಯನ್ನು ಚಾಲಕನ ಹೊತ್ತಿಗೆ ಇಟ್ಟುಕೊಂಡು, ಪೆಟ್ರೋಲಿನ ಲೆಕ್ಕಕ್ಕೆ ‘ಟ್ಯಾಂಕು’ ಎನ್ನಿ: “ಒಂದೇ ಪಾಳಿಯಲ್ಲಿ ಮೂರು ಟ್ಯಾಂಕು ಓಡಿಸಿದರು.” ಇಂಗ್ಲಿಷಿನ ‘ಟ್ರಿಪಲ್ ಸ್ಟಿಂಟ್’ಗಿಂತ ಇದೇ ಸ್ಪಷ್ಟ.

ಉತ್ತರ 2

ಮೇಲಿನವರ ‘ಕೂಟ’ ಒಪ್ಪಿದೆ. ‘ತಾಳಿಕೆ ಓಟ’ವೂ ಸರಿ, ಆದರೆ ಶೀರ್ಷಿಕೆಯಲ್ಲಿ ‘24 ಗಂಟೆಯ ಓಟ’ ಎಂದಿರಲಿ. ಹೊಸ ಪದ ಶೀರ್ಷಿಕೆಗೆ ಹತ್ತಿದರೆ ಓದುಗರು ಒಳಗೇ ಬರುವುದಿಲ್ಲ.

‘ಲ ಮಾನ್ ಗೆದ್ದರು’ ಎಂಬುದು ಅರ್ಧ ನಿಜ. ಒಂದೇ ಟ್ರ್ಯಾಕಿನಲ್ಲಿ, ಒಂದೇ ಹೊತ್ತಿನಲ್ಲಿ ಹಲವು ದರ್ಜೆಯ ಕಾರುಗಳು ಓಡುತ್ತವೆ. 2020ರಲ್ಲಿ ಒಟ್ಟಾರೆ ಗೆದ್ದದ್ದು 387 ಸುತ್ತು ಓಡಿದ ಟೊಯೋಟ. ಡಿ ರೆಸ್ಟಾ, ಫಿಲಿಪ್ ಆಲ್ಬುಕರ್ಕ್, ಫಿಲ್ ಹ್ಯಾನ್ಸನ್ ಮೂವರ ಯುನೈಟೆಡ್ ಆಟೋಸ್ಪೋರ್ಟ್ಸ್ ಒರೆಕಾ ಕಾರು 370 ಸುತ್ತು ಓಡಿ ಒಟ್ಟಾರೆ 5ನೆಯದು, ಎಲ್‌ಎಂಪಿ2ರಲ್ಲಿ ಮೊದಲನೆಯದು. ಕಂಬಳದಲ್ಲಿ ‘ನೇಗಿಲು ಕಿರಿಯ ವಿಭಾಗದಲ್ಲಿ ಪ್ರಥಮ’ ಎಂದು ವಿಭಾಗ ಹೇಳದೆ ಯಾರೂ ಗೆಲುವು ಬರೆಯುವುದಿಲ್ಲ. ಇಲ್ಲೂ ‘ಎಲ್‌ಎಂಪಿ2 ವಿಭಾಗದಲ್ಲಿ’ ಬಿಡಬೇಡಿ. ಇನ್ನೊಬ್ಬ ಸ್ಕಾಟಿಷ್ ಚಾಲಕ ಅಲನ್ ಮೆಕ್‌ನಿಷ್ 1998, 2008, 2013ರಲ್ಲಿ ಗೆದ್ದದ್ದು ಒಟ್ಟಾರೆಯಾಗಿ. ಇಬ್ಬರನ್ನೂ ಒಂದೇ ಸಾಲಿನಲ್ಲಿ ತಂದರೆ ಈ ವ್ಯತ್ಯಾಸ ಕಾಣಲೇಬೇಕು.

‘ಬೆಳ್ಳಿ ಚಾಲಕ’ ಎಂದರೆ ಎರಡನೇ ಬಹುಮಾನ ಪಡೆದವನಲ್ಲ. ಚಾಲಕರನ್ನು ಅವರ ಅನುಭವ, ಸಾಧನೆ ನೋಡಿ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಎಂದು ವಿಂಗಡಿಸುತ್ತಾರೆ, ಎಲ್‌ಎಂಪಿ2 ಕಾರಿನಲ್ಲಿ ಕೊನೆಯ ಎರಡು ದರ್ಜೆಯವರಲ್ಲಿ ಒಬ್ಬರಾದರೂ ಇರಬೇಕು. ‘ಸಿಲ್ವರ್ ದರ್ಜೆಯ ಚಾಲಕ’ ಎನ್ನಿ, ಬೆಳ್ಳಿಯ ಗೊಡವೆ ಬೇಡ.

ಕರಡಿನಲ್ಲಿ ಇಲ್ಲದಿದ್ದರೂ ಮುಂದೆ ಬಂದೇ ಬರುವ ಜೋಡಿ ‘ಟೀಮ್‌ಮೇಟ್’, ‘ಕೋ-ಡ್ರೈವರ್’. 2006ರಲ್ಲಿ ಫಾರ್ಮುಲಾ ತ್ರೀ ಯೂರೋ ಸರಣಿಯಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ ಮತ್ತು ಡಿ ರೆಸ್ಟಾ ಒಂದೇ ತಂಡ, ಕಾರು ಬೇರೆ ಬೇರೆ. ಡಿ ರೆಸ್ಟಾ ಮೊದಲನೆಯವರು, ವೆಟ್ಟೆಲ್ ಎರಡನೆಯವರು. ಕಾರು ಒಂದೇ ಬಗೆಯದಾದ್ದರಿಂದ ಮೊದಲು ಸೋಲಿಸಬೇಕಾದ್ದು ತನ್ನ ತಂಡದವನನ್ನೇ. ಅಲ್ಲಿಗೆ ‘ತಂಡದ ಜೊತೆಗಾರ’. ಲ ಮಾನ್‌ನ ಹ್ಯಾನ್ಸನ್ ಅದೇ ಕಾರನ್ನು ಪಾಳಿಯ ಮೇಲೆ ಓಡಿಸಿದವರು, ಅಲ್ಲಿಗೆ ‘ಸಹಚಾಲಕ’ ಸರಿ. ಒಂದು ಎಚ್ಚರಿಕೆ: ಕರ್ನಾಟಕದ ಕೆ1000ದಂಥ ಕಾರು ರ‍್ಯಾಲಿಗಳ ವರದಿಯಲ್ಲಿ ‘ಸಹಚಾಲಕ’ ಎಂದರೆ ಪಕ್ಕದಲ್ಲಿ ಕೂತು ದಾರಿಯ ಟಿಪ್ಪಣಿ ಓದುವವನು, ಸ್ಪರ್ಧೆಯಲ್ಲಿ ಸ್ಟೀರಿಂಗ್ ಹಿಡಿಯುವುದು ಅವನ ಕೆಲಸವಲ್ಲ.

‘ಕಾರ್ಖಾನೆ ಚಾಲಕ’ ಎಂದರೆ ಶಿಫ್ಟ್ ಬಸ್ಸಿನ ಡ್ರೈವರ್. ಇಂಗ್ಲಿಷಿನ ಮೂಲ ಪದ ‘ವರ್ಕ್ಸ್ ಡ್ರೈವರ್’ ಎಂದರೆ ಕಾರು ತಯಾರಿಸುವ ಕಂಪನಿಯೇ ಕರಾರು ಮಾಡಿಕೊಂಡ ಚಾಲಕ, ‘ಕಂಪನಿ ತಂಡದ ಚಾಲಕ’ ಸಾಕು. 2022ರ ಜುಲೈಯಲ್ಲಿ ಮೊಂಜಾದಲ್ಲಿ ಪ್ಯೂಜೋ ಕಂಪನಿಯ 9ಎಕ್ಸ್8 ಕಾರು ಮೊದಲ ಸಲ ಓಟಕ್ಕೆ ಇಳಿದಾಗ ಡಿ ರೆಸ್ಟಾ ಅದರಲ್ಲಿದ್ದರು. ಹಾಗೆಯೇ, ಫಾರ್ಮುಲಾ ಒನ್‌ನಲ್ಲಿ ಅವರಿದ್ದ ತಂಡದ ಹೆಸರು ಹಿಡಿದು ‘ಫೋರ್ಸ್ ಇಂಡಿಯಾ ಚಾಲಕ’ ಎಂದಷ್ಟೇ ಬರೆದರೆ ಭಾರತೀಯರೆಂದು ತಿಳಿಯುವವರಿದ್ದಾರೆ. ತಂಡದ ಒಡೆತನದಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಇದ್ದರು, ಪರವಾನಗಿ ಭಾರತದ್ದು, ಕಾರು ಕಟ್ಟುತ್ತಿದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ‘ಭಾರತದ ಪರವಾನಗಿಯ ತಂಡ’ ಎಂದರೆ ತಕರಾರಿಲ್ಲ.

ಹೆಸರುಗಳು: ಫ್ರೆಂಚಿನಲ್ಲಿ ಕೊನೆಯ ‘ಸ್’ ಉಚ್ಚಾರವಿಲ್ಲ, ‘ಲ ಮಾನ್’. ಡಿ ರೆಸ್ಟಾ ಅವರ ಸೋದರಸಂಬಂಧಿ, ಇಂಡಿಯಾನಾಪೊಲಿಸ್ 500 ಮೂರು ಸಲ ಗೆದ್ದ ಡಾರಿಯೊ ಅವರ ಮನೆತನದ ಹೆಸರು ಇಟಲಿಯ ಮೂಲದ್ದು, ‘ಫ್ರಾಂಚಿಟಿ’ ಅಲ್ಲ, ‘ಫ್ರಾಂಕೀಟಿ’.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ್ದು ಹೀಗಿದೆ:

“ತೆರೆದ ಗಾಲಿಯ ಕಾರುಗಳಲ್ಲಿ ಮೇಲೆ ಬಂದ ಸ್ಕಾಟ್ಲೆಂಡಿನ ಪಾಲ್ ಡಿ ರೆಸ್ಟಾ 2010ರಲ್ಲಿ ಜರ್ಮನಿಯ ಡಿಟಿಎಂ ಟೂರಿಂಗ್ ಕಾರ್ ಸರಣಿಯ 11ನೆಯ, ಕೊನೆಯ ಕೂಟದಲ್ಲಿ ಎರಡನೆಯವರಾಗಿ ಬಂದು ವರ್ಷದ ಪ್ರಶಸ್ತಿ ಗೆದ್ದರು. 2017ರ ಹಂಗೆರಿ ಗ್ರಾನ್ ಪ್ರಿಯಲ್ಲಿ ಬದಲಿ ಚಾಲಕರಾಗಿ ಇಳಿದು 60 ಸುತ್ತು ಓಡಿಸಿದಾಗ ಕಾರು ಕೈಕೊಟ್ಟಿತು. 2020ರಲ್ಲಿ ಲ ಮಾನ್‌ನ 24 ಗಂಟೆಯ ಓಟದಲ್ಲಿ ಇಬ್ಬರು ಸಹಚಾಲಕರೊಂದಿಗೆ ಎಲ್‌ಎಂಪಿ2 ವಿಭಾಗ ಗೆದ್ದರು. 2022ರಲ್ಲಿ ಪ್ಯೂಜೋ ಕಂಪನಿ ತಂಡದ ಚಾಲಕರಾಗಿ ಓಟಕ್ಕೆ ಇಳಿದರು.”

ಉತ್ತರ 1ರವರು ಮತ್ತೆ

ಚೆನ್ನಾಗಿದೆ. ‘ಬದಲಿ ಚಾಲಕರಾಗಿ’ ಎಂಬಲ್ಲಿ ಯಾರ ಬದಲಿಗೆ ಎಂದು ಸೇರಿಸಿ. ‘ಇಳಿದು’ ಎಂಬುದನ್ನೂ ನೋಡಿಕೊಳ್ಳಿ: ಕಣಕ್ಕೆ ಇಳಿಯುವುದು ಸರಿ, ಆದರೆ ಕಾರಿನ ಮಾತು ಬಂದಾಗ ‘ಇಳಿದು’ ಎಂದರೆ ಹೊರಗೆ ಬಂದಂತೆ. ಆ ಸಾಲಿನಲ್ಲಿ ‘ಮಾಸಾ ಬದಲಿಗೆ ಕಾರು ಹತ್ತಿ’ ಎಂದು ಮಾಡಿ.