ಸಹಾಯ ಬೇಕು: ತಾಯ್ತನ ಮತ್ತು ದೈವ ಕುರಿತ ಗುಂಪು ಪ್ರದರ್ಶನ

ಮಾನ್ಯರೇ,

ನಾವು ಒಂಬತ್ತು ಮಂದಿ ಕಲಾವಿದೆಯರು ತಾಯ್ತನ ಮತ್ತು ದೈವ ಎಂಬ ವಿಷಯದ ಮೇಲೆ ಗುಂಪು ಪ್ರದರ್ಶನವನ್ನು ಸಿದ್ಧಪಡಿಸುತ್ತಿದ್ದು, ಎರಡು ಸಂಗತಿಗಳಲ್ಲಿ ಅನುಭವಸ್ಥರ ನೆರವು ಬೇಕಾಗಿದೆ.

ಮೊದಲನೆಯದು ಕೃತಿಗಳ ಜೋಡಣೆ. 1914ರಲ್ಲಿ ಯುದ್ಧಭೂಮಿಯಲ್ಲಿ ಮಗನನ್ನು ಕಳೆದುಕೊಂಡ ಜರ್ಮನಿಯ ಕ್ಯಾಥೆ ಕೋಲ್ವಿಟ್ಜ್, 1937-38ರಲ್ಲಿ ಸತ್ತ ಮಗನನ್ನು ಮಡಿಲಿಗೆ ಎಳೆದುಕೊಂಡು ಕುಳಿತ ತಾಯಿಯ ಶಿಲ್ಪವನ್ನು ಮಾಡಿದರು. ಏಸುವನ್ನು ಮಡಿಲಲ್ಲಿಟ್ಟುಕೊಂಡ ಮೇರಿಯ ಭಂಗಿಯೇ ಅಲ್ಲಿದ್ದರೂ ಕಾಣುವುದು ದೇವಮಾತೆಯಲ್ಲ, ದುಃಖದಲ್ಲಿ ಕುಗ್ಗಿದ ಒಬ್ಬ ಮುದುಕಿ. ನಮ್ಮಲ್ಲಿಯೂ ಇಬ್ಬರ ಕೃತಿಗಳು ಗರ್ಭಪಾತದ ನೋವಿನಿಂದ ಹುಟ್ಟಿದವು. ಅವನ್ನು ಹಾಲೂಡಿಸುವ ದೇವಿಯರ ಚಿತ್ರಗಳ ಪಕ್ಕದಲ್ಲೇ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಬೇರೆ ಕೋಣೆಗೆ ಸರಿಸಿದರೆ ಆ ತಾಯ್ತನವನ್ನೇ ಹೊರಗಿಟ್ಟಂತಾಗುತ್ತದೆ. ಆದರೆ ಅದೇ ನೋವನ್ನು ಹೊತ್ತು ಬರುವ ಪ್ರೇಕ್ಷಕಿಗೆ ಬಾಗಿಲಲ್ಲಿಯೇ ಸೂಚನೆ ಕೊಡುವುದು ಹೇಗೆ, ಯಾವ ಮಾತುಗಳಲ್ಲಿ?

ಎರಡನೆಯದು, ಒಗೆಯದೇ ಉಳಿಸಿದ ಹತ್ತಿಬಟ್ಟೆಯ ಒಂದು ಕೃತಿ. ಎದೆಹಾಲಿನ ಕಲೆಗಳು ಒಣಗಿ ಅಂಚಿನಲ್ಲಿ ಕಂದು ಗೆರೆಯಾಗಿವೆ, ಅವುಗಳ ಸುತ್ತ ಕಲಾವಿದೆ ಪ್ರಭಾವಳಿಯಂತೆ ಹಳದಿ ದಾರದಿಂದ ಸಣ್ಣ ಹೊಲಿಗೆ ಹಾಕಿದ್ದಾರೆ. ಬಟ್ಟೆ ಮಾಸದಂತೆ ಬೆಳಕನ್ನು 50 ಲಕ್ಸ್‌ಗೆ (ಬೆಳಕಿನ ತೀವ್ರತೆಯ ಅಳತೆ) ಮಿತಿಗೊಳಿಸುತ್ತೇವೆ. ಆದರೆ ಹಾಲಿನ ಅಂಶಕ್ಕೆ ಹುಳು ಬರುವ ಭಯವಿದೆ. ಕೀಟನಾಶಕದ ಬದಲು ಬಟ್ಟೆಯನ್ನು ಅತಿಶೀತದಲ್ಲಿಡುವ ವಿಧಾನವನ್ನು ಬಳಸಿದವರಿದ್ದರೆ, ಹಾಲಿನ ಕಲೆಯೂ ಹೊಲಿಗೆಯೂ ಕೆಡದಂತೆ ಅದನ್ನು ಹೇಗೆ ಮಾಡಿದಿರೆಂದು ದಯವಿಟ್ಟು ವಿವರವಾಗಿ ತಿಳಿಸಿ.