‘ಸ್ಟ್ರೈಕರ್’ ಅಂದರೆ ಹೊಡೆಯುವವನಾ? ಗಾಲಿ ಮೇಲಿನ ಕವಚಕ್ಕೆ ಕನ್ನಡದಲ್ಲಿ ಏನನ್ನೋಣ?

ಅಮೆರಿಕದ ಸೇನೆಯಲ್ಲಿ ‘ಸ್ಟ್ರೈಕರ್’ ಅಂತ ಎಂಟು ಗಾಲಿಯ ಒಂದು ವಾಹನ ಇದೆ. ಅದರ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ಎರಡು ಕಡೆ ಮುಗ್ಗರಿಸುತ್ತೇನೆ. ಒಂದು ಆ ಹೆಸರು. ಇನ್ನೊಂದು ಅದಕ್ಕೆ ಅಂಟಿಸುವ ‘ಶಸ್ತ್ರಸಜ್ಜಿತ ವಾಹನ’ ಅನ್ನುವ ಮಾತು. ಎರಡರ ಬಗ್ಗೆಯೂ ನಿಮ್ಮನ್ನು ಕೇಳಬೇಕಿದೆ.

ಮೊದಲು ಹೆಸರು. ಸ್ಟ್ರೈಕರ್ ಅಂದ ಕೂಡಲೇ ನಮಗೆ ಕೇರಂ ಬೋರ್ಡೋ ಫುಟ್‌ಬಾಲೋ ನೆನಪಾಗುತ್ತದೆ. ಹೊಡೆಯುವವನು, ನುಗ್ಗುವವನು. ಯುದ್ಧದ ಗಾಡಿಗೆ ಹೇಳಿ ಮಾಡಿಸಿದ ಹೆಸರು ಅಲ್ವಾ? ಆದರೆ ಇದು ಮನೆತನದ ಹೆಸರು. ಸ್ಟುವರ್ಟ್ ಸ್ಟ್ರೈಕರ್ 1945ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಹೋರಾಡುತ್ತಾ ಸತ್ತ ಸೈನಿಕ. ರಾಬರ್ಟ್ ಸ್ಟ್ರೈಕರ್ 1967ರ ನವೆಂಬರ್‌ನಲ್ಲಿ ವಿಯೆಟ್ನಾಂನಲ್ಲಿ ಜೊತೆಗಾರರನ್ನು ಉಳಿಸಲು ಸಿಡಿಮದ್ದಿನ ಮೇಲೆ ಬಿದ್ದು ಪ್ರಾಣ ಕೊಟ್ಟವನು. ಇಬ್ಬರಿಗೂ ಸತ್ತ ಮೇಲೆ ಅಮೆರಿಕದ ಅತ್ಯುನ್ನತ ಸೇನಾ ಪದಕ ‘ಮೆಡಲ್ ಆಫ್ ಆನರ್’ ಸಿಕ್ಕಿತು. ಇಬ್ಬರೂ ನೆಂಟರಲ್ಲ. ಇಬ್ಬರ ನೆನಪಿಗೂ ಸೇರಿಸಿ 2002ರಲ್ಲಿ ವಾಹನಕ್ಕೆ ಈ ಹೆಸರಿಟ್ಟರು.

ಇಂಗ್ಲಿಷಿನಲ್ಲಿ ಗೊಂದಲ ಕಡಿಮೆ. ಹೊಡೆಯುವವನಿಗೆ ‘ಐ’ ಅಕ್ಷರ, ಈ ಮನೆತನಕ್ಕೆ ‘ವೈ’ ಅಕ್ಷರ. ನಾವು ಕಿವಿಗೆ ಕೇಳಿದ ಹಾಗೆ ಬರೆಯುವವರು. ಆ ವ್ಯತ್ಯಾಸ ಕನ್ನಡಕ್ಕೆ ಬರುವಾಗಲೇ ಬಿದ್ದು ಹೋಗುತ್ತದೆ. ಹೀಗಿರುವಾಗ ‘ದಾಳಿಕಾರ’ ಅಂತ ಅನುವಾದ ಮಾಡಿದರೆ ಹೆಸರೇ ಸುಳ್ಳಾಗುತ್ತದೆ. ಹೆಸರನ್ನು ಮುಟ್ಟಬಾರದು, ಮೊದಲ ಸಲ ಬಂದಾಗ ‘ಸ್ಟ್ರೈಕರ್ ಎಂಬ ಸೈನಿಕರ ಹೆಸರಿನ’ ಅಂತ ಒಂದು ಮಾತು ಸೇರಿಸಿದರೆ ಸಾಕು ಅನ್ನುವುದು ನನ್ನ ಅನಿಸಿಕೆ.

ನಿಜವಾದ ತಕರಾರು ಎರಡನೆಯದು. ‘ಶಸ್ತ್ರಸಜ್ಜಿತ’ ಅಂದರೆ ಆಯುಧ ಹೊತ್ತದ್ದು. ಇಂಗ್ಲಿಷಿನ ‘ಆರ್ಮ್ಡ್’ಗೆ ಅದು ಸರಿ. ‘ಆರ್ಮರ್ಡ್’ ಬೇರೆ, ಅದು ಮೈಗೆ ಕವಚ ತೊಟ್ಟದ್ದು. ಎರಡನ್ನೂ ಒಂದೇ ಪದದಲ್ಲಿ ಮುಗಿಸಿದರೆ ವಾಹನದ ಉದ್ದೇಶವೇ ತಲೆಕೆಳಗಾಗುತ್ತದೆ. ಸ್ಟ್ರೈಕರ್‌ನ ಮೂಲ ಮಾದರಿಯ ಕೆಲಸ ಹೊಡೆಯುವುದಲ್ಲ, ಹೊತ್ತೊಯ್ಯುವುದು. ಓಡಿಸಲು ಮತ್ತು ಕಾಯಲು ಇಬ್ಬರು, ಹಿಂದೆ ಒಂಬತ್ತು ಕಾಲಾಳುಗಳು. ಮೇಲೆ ಒಂದು ಮೆಷಿನ್ ಗನ್ ಅಥವಾ ಗ್ರೆನೇಡ್ ಎಸೆಯುವ ಸಾಧನ. ಅದನ್ನು ಒಳಗೆ ಕೂತೇ ಪರದೆ ನೋಡಿಕೊಂಡು ಹೊಡೆಯಬಹುದು. ಇದನ್ನು ಬಿಟ್ಟರೆ ಉಕ್ಕಿನ ಮೈಯೇ ಅದರ ಬಂಡವಾಳ.

ಆ ಮೈಯ ಕಥೆಯೇ ಒಂದು ಪಾಠ. 1999ರಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದ ಎರಿಕ್ ಶಿನ್ಸೆಕಿ ಅವರಿಗೆ ಬೇಕಾಗಿದ್ದದ್ದು ನಡುವಿನ ತೂಕದ ಪಡೆ. ಅರವತ್ತು ಟನ್ನಿಗೂ ಜಾಸ್ತಿ ಭಾರದ ಏಬ್ರಮ್ಸ್ ಟ್ಯಾಂಕುಗಳನ್ನು ಬೇಗ ಸಾಗಿಸುವುದು ಕಷ್ಟ. ಬರೀ ಕಾಲಾಳುಗಳನ್ನು ಕಳಿಸಿದರೆ ಅವರಿಗೆ ರಕ್ಷಣೆ ಇಲ್ಲ. ಸ್ವಿಟ್ಜರ್ಲೆಂಡಿನ ‘ಪಿರಾನ್ಹಾ’ ವಾಹನದಿಂದ ಕೆನಡಾದ ‘ಲ್ಯಾವ್ 3’ ಹುಟ್ಟಿತ್ತು, ಅದರಿಂದ ಸ್ಟ್ರೈಕರ್ ಬಂತು. ತೂಕ ಸುಮಾರು 17 ಟನ್. ರಸ್ತೆಯಲ್ಲಿ ಗಂಟೆಗೆ ಹತ್ತಿರ ಹತ್ತಿರ 95 ಕಿಲೋಮೀಟರ್ ಓಡುತ್ತದೆ. ಟೈರಿಗೆ ಗುಂಡು ಬಿದ್ದರೂ ಸ್ವಲ್ಪ ದೂರ ಉರುಳುತ್ತದೆ, ಗಾಳಿ ಹೆಚ್ಚು ಕಡಿಮೆ ಮಾಡಲು ಚಾಲಕ ಕೆಳಗಿಳಿಯಬೇಕಿಲ್ಲ.

2003ರಲ್ಲಿ ಇರಾಕಿಗೆ ಹೋದಾಗ ಮಾತ್ರ ಆ ಮೈ ಸಾಲಲಿಲ್ಲ. ಭುಜದ ಮೇಲಿಟ್ಟು ಹಾರಿಸುವ ರಾಕೆಟ್‌ಗಳನ್ನು ತಡೆಯಲು ಸುತ್ತಲೂ ಉಕ್ಕಿನ ಸರಳುಗಳ ಜಾಲರಿ ಕಟ್ಟಿದರು. ರಾಕೆಟ್ಟಿನ ಸಿಡಿತಲೆ ಸರಳುಗಳ ನಡುವೆ ಸಿಕ್ಕಿಕೊಂಡರೆ ಜಜ್ಜಿಹೋಗಿ ಸರಿಯಾಗಿ ಸಿಡಿಯುವುದಿಲ್ಲ, ಅದು ಲೆಕ್ಕ. ಸೈನಿಕರು ಅದನ್ನು ಹಕ್ಕಿಪಂಜರ ಅನ್ನುತ್ತಿದ್ದರು. ಕನ್ನಡಕ್ಕೂ ‘ಪಂಜರ ಕವಚ’ ಚೆನ್ನಾಗಿ ಒಗ್ಗುತ್ತದೆ. ಆದರೆ ಪಂಜರ ಎರಡು ಟನ್ನಿಗೂ ಹೆಚ್ಚು ಭಾರ, ಅಗಲವೂ ಬೆಳೆಯಿತು. ಕಿರಿದಾದ ಬೀದಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಮುಂದೆ ಅಫ್ಘಾನಿಸ್ತಾನದಲ್ಲಿ ನೆಲದಡಿಯ ಬಾಂಬುಗಳು ಚಪ್ಪಟೆ ತಳವನ್ನು ಸೀಳತೊಡಗಿದವು. 2011ರಿಂದ ಬಂದ ಮಾದರಿಯ ತಳ ದೋಣಿಯ ಅಡಿಯ ಹಾಗೆ ಇಳಿಜಾರಾಗಿದೆ. ಸಿಡಿತದ ಹೊಡೆತ ನೇರ ಮೇಲಕ್ಕೆ ನುಗ್ಗದೆ ಪಕ್ಕಕ್ಕೆ ಹೋಗಲಿ ಎಂದು. ಇಷ್ಟೆಲ್ಲ ತಿದ್ದಿದ್ದು ಕವಚವನ್ನೇ. ಆಮೇಲೂ ನಾವು ‘ಶಸ್ತ್ರಸಜ್ಜಿತ’ ಅನ್ನಬೇಕಾ?

‘ಟ್ಯಾಂಕ್’ ಅಂದುಬಿಡೋಣ ಅನ್ನುವವರೂ ಇದ್ದಾರೆ. ಆ ಪದವೇ ಒಂದು ವೇಷ. ಮೊದಲ ಮಹಾಯುದ್ಧದಲ್ಲಿ ಗುಟ್ಟು ಕಾಯಲು ಬ್ರಿಟಿಷರು ‘ನೀರಿನ ಟ್ಯಾಂಕು ಮಾಡ್ತಿದ್ದೀವಿ’ ಅಂತ ಸುಮ್ನೆ ಹಬ್ಬಿಸಿದ್ದು, ಹೆಸರು ಹಾಗೇ ಉಳಿಯಿತು. ಆದರೆ ಇವತ್ತು ಟ್ಯಾಂಕ್ ಅಂದರೆ ಉಕ್ಕಿನ ಪಟ್ಟಿ ಸುತ್ತಿದ ಚಕ್ರ, ದೊಡ್ಡ ಫಿರಂಗಿ, ದಪ್ಪ ಕವಚ. ಸ್ಟ್ರೈಕರನ್ನು ಟ್ಯಾಂಕ್ ಅಂದರೆ ಓದುಗರು ಬೇರೇನನ್ನೋ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಅದರಲ್ಲೇ 105 ಮಿಲಿಮೀಟರ್ ಫಿರಂಗಿ ಹೊತ್ತ ಮಾದರಿಯೂ ಇತ್ತು ನಿಜ. 2022ರಲ್ಲಿ ಅದನ್ನು ಕೈಬಿಟ್ಟರು.

ಈ ತಲೆನೋವು ನಮಗೊಬ್ಬರಿಗೇ ಅಲ್ಲ. 2023ರ ಜನವರಿಯಲ್ಲಿ ಫ್ರಾನ್ಸ್ ಉಕ್ರೇನಿಗೆ ಎಎಂಎಕ್ಸ್-10 ಆರ್‌ಸಿ ಎಂಬ ಯುದ್ಧವಾಹನ ಕೊಡುತ್ತೇವೆ ಅಂದಾಗ ಅದನ್ನು ‘ಹಗುರ ಟ್ಯಾಂಕ್’ ಅಂತ ಕರೆಯಿತು. ಆರು ಗಾಲಿ, 105 ಮಿಲಿಮೀಟರ್ ಫಿರಂಗಿ. ಗಾಲಿ ಇರುವುದು ಟ್ಯಾಂಕ್ ಹೇಗಾಗುತ್ತದೆ ಅಂತ ದೊಡ್ಡ ವಾದವೇ ನಡೆಯಿತು. ಹೆಸರಿನ ಕೊನೆಯ ಎರಡು ಅಕ್ಷರಗಳಿಗೆ ಫ್ರೆಂಚಿನಲ್ಲಿ ‘ಗಾಲಿ-ಫಿರಂಗಿ’ ಅಂತಲೇ ಅರ್ಥ! ಜರ್ಮನ್ನರದು ಇನ್ನೂ ಸಲೀಸು. ‘ಪಾನ್ಸರ್’ ಅಂದರೆ ಮೂಲದಲ್ಲಿ ಕವಚ. ಮುಂದೆ ಗಾಲಿ ಅನ್ನುವ ಪದ ಸೇರಿಸಿ ‘ರಾಡ್‌ಪಾನ್ಸರ್’ ಅಂದರೆ ಮುಗಿಯಿತು.

ಅದೇ ದಾರಿಯಲ್ಲಿ ನಾವೂ ‘ಕವಚವಾಹನ’ ಅನ್ನಬಹುದು. ಗಾಲಿಯದ್ದೋ ಪಟ್ಟಿಯದ್ದೋ ಅಂತ ಹೇಳಬೇಕಾದಾಗ ‘ಗಾಲಿ ಕವಚವಾಹನ’, ‘ಪಟ್ಟಿ ಕವಚವಾಹನ’. ಕರ್ಣನ ಕವಚ ಗೊತ್ತಿಲ್ಲದ ಕನ್ನಡಿಗ ಯಾರಿದ್ದಾರೆ? ಹಳೆಯ ಕನ್ನಡದಲ್ಲಿ ಕವಚಕ್ಕೆ ‘ಜೋಡು’ ಅನ್ನುವ ಮಾತೂ ಇತ್ತು. ‘ಜೋಡುಬಂಡಿ’ ಅಂದರೆ ಕೇಳಲು ಸೊಗಸು. ಆದರೆ ಈಗಿನವರಿಗೆ ಅದು ಎರಡು ಬಂಡಿಯೋ, ಚಪ್ಪಲಿ ಗಾಡಿಯೋ ಅನ್ನಿಸಬಹುದು. ಹಾಗಾಗಿ ಅದು ಬೇಡ. ‘ಕವಚಬಂಡಿ’ ಅನ್ನಬಹುದಾ? ಬಂಡಿ ಅಂದರೆ ಎತ್ತು ಕಟ್ಟಿದ್ದೇ ನೆನಪಾಗುತ್ತದೆ ಅನ್ನುವವರು ಹೇಳಿ.

ಇನ್ನೊಂದು ಪದಕ್ಕೆ ನನಗೆ ಏನೂ ಹೊಳೆದಿಲ್ಲ. ಹಿಂದಿನ ಬಾಗಿಲು ಕೆಳಕ್ಕೆ ಬಿದ್ದು ಇಳಿಜಾರು ಹಲಗೆಯಾಗುತ್ತದೆ. ಆ ಒಂಬತ್ತು ಜನ ಅದರ ಮೇಲೆ ಓಡಿ ಇಳಿದು ನಡೆದು ಹೋರಾಡುತ್ತಾರೆ. ಗಾಡಿಯಲ್ಲೇ ಉಳಿಯುವವರಿಂದ ಬೇರೆ ಮಾಡಿ ಹೇಳಲು ಇಂಗ್ಲಿಷಿನಲ್ಲಿ ಅವರಿಗೆ ‘ಡಿಸ್‌ಮೌಂಟ್ಸ್’ ಅನ್ನುತ್ತಾರೆ. ಕುದುರೆಯಿಂದ ಇಳಿಯುವ ಕಾಲದ ಮಾತು. ‘ಇಳಿಯಾಳು’ ಅಂದರೆ ಹೇಗೆ? ‘ಕಾಲಾಳು’ ಇದ್ದ ಹಾಗೆ. ಅಥವಾ ಈಗಾಗಲೇ ಬಳಕೆಯಲ್ಲಿರುವ ಮಾತು ನಿಮಗೆ ಗೊತ್ತಿದ್ದರೆ ತಿಳಿಸಿ.