ಸಹಾಯ ಬೇಕು: ಲ್ಯಾಬಿನಲ್ಲಿ ಕಣ್ಣು ತೊಳೆಯೋಕೆ ನೀರಿನ ವ್ಯವಸ್ಥೆ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಕಡೆ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡ್ತೀನಿ. ಕಳೆದ ವಾರ ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಏನೇನಿದೆ ಅಂತ ಪತ್ತೆ ಮಾಡೋ ಪ್ರಯೋಗ) ಮಾಡುವಾಗ ಟೆಸ್ಟ್ ಟ್ಯೂಬ್ ಉಕ್ಕಿ ಹುಡುಗಿಯೊಬ್ಬಳ ಕೆನ್ನೆಗೆ ಆಸಿಡ್ ಸಿಡೀತು. ನಲ್ಲಿ ತಿರುಗಿಸಿದರೆ ನೀರೇ ಇಲ್ಲ! ಮಕ್ಕಳು ಕುಡಿಯೋಕೆ ತಂದಿದ್ದ ಬಾಟಲಿಗಳನ್ನೇ ಸುರಿದೆವು. ಪುಣ್ಯಕ್ಕೆ ಕಣ್ಣಿಗೆ ಬೀಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯೋ ನೀರಲ್ಲಿ ತೊಳೀಬೇಕು. ಬಾಟಲಿ ನೀರು ಎಲ್ಲಿ ಸಾಲುತ್ತೆ? ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ನಂಬೋ ಹಾಗಿಲ್ಲ. ಅದಕ್ಕೆ ಲ್ಯಾಬಿಗಂತಲೇ 200 ಲೀಟರ್ ಡ್ರಮ್ ಎತ್ತರದಲ್ಲಿಟ್ಟು, ಎರಡೂ ಕಣ್ಣಿಗೆ ಮೆತ್ತಗೆ ಬೀಳೋ ಹಾಗೆ ನಲ್ಲಿ ಕೂರಿಸೋಣ ಅಂತಿದ್ದೀನಿ. ಹೀಗೆ ಮಾಡಿಸಿದವರು ಯಾರಾದರೂ ಇದ್ದೀರಾ? ನೀರು ಎಷ್ಟು ದಿನಕ್ಕೊಮ್ಮೆ ಬದಲಾಯಿಸ್ತೀರಿ? ಪಕ್ಕದಿಂದಲೂ ಮುಚ್ಚೋ ಗಾಗಲ್ಸ್ 40 ಬೇಕು, ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತೆ ಹೇಳಿ. ಮುಂದಿನ ಪ್ರಾಕ್ಟಿಕಲ್‌ಗೆ ಮೊದಲೇ ಬೇಕು.